ಸೈಮಿಯ ಕಂಬದಲ್ಲಿ ನೇತಾಡಿದವರು

ನಮ್ಮ ಆಲ್ಡರ್ ಫಾಲ್ಸಿನ ಗಂಡಸರ ಪೃಷ್ಠದ ನಿಜವಾದ ಸುತ್ತಳತೆ ಗೊತ್ತಿರುವವರು ಈ ಭೂಮಿಯ ಮೇಲೆ ಒಬ್ಬರೇ. ಅವರ ಹೆಂಡತಿಯರಲ್ಲ, ಡಾಕ್ಟರೂ ಅಲ್ಲ. ಸೈಮಿ ರೌಟಿಯೊ. ವಯಸ್ಸು ಅರವತ್ತೆಂಟು, ಎತ್ತರ ಐದಡಿಗೆ ಒಂದು ಬೆರಳು ಕಡಿಮೆ, ತುಟಿಯ ಮಧ್ಯೆ ಸದಾ ಎರಡು ಗುಂಡುಪಿನ್ನು. ಬೇಟೆ, ಗಾಳದ ಸಾಮಾನು ಮಾರುವ ಪೆಲ್ಟೊ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಳದ ಎರೆಹುಳು ಇಡುವ ಫ್ರಿಜ್ಜಿನ ಪಕ್ಕದಲ್ಲಿ, ನೆಲದಿಂದ ಸೂರಿನವರೆಗೆ ಒಂದು ಹಳೇ ಟೆಲಿಫೋನ್ ಕಂಬ ನೆಟ್ಟಿದ್ದಾರೆ. ಆ ಕಂಬಕ್ಕೆ ಊರಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೇತುಹಾಕುವುದು ಅವಳ ಕೆಲಸ. ಮುಂದೆ ಗಲ್ಲಾದಲ್ಲಿ ಕೂರುವವಳು ನಾನು, ಆರ್ಲೀನ್. ಮಧ್ಯೆ ಇರುವುದು ಒಂದು ಹೂವಿನ ಪರದೆ ಅಷ್ಟೇ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕಾಣದಿದ್ದದ್ದು ಕಿವಿಯಾರೆ ಕೇಳಿದ್ದು.

ಅವಳು ಅಳೆಯುವುದು ಮರದ ಜೀನಿಗೆ. ಜೀನು ಎಂದ ಕೂಡಲೇ ಕುದುರೆಯನ್ನು ನೆನೆಯಬೇಡಿ. ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವನು ಇಪ್ಪತ್ತಡಿ ಮರ ಹತ್ತುತ್ತಾನೆ. ಕುಂಡೆಯ ಸುತ್ತ ಅಗಲವಾದ ಬಟ್ಟೆಯ ಪಟ್ಟಿ ಬಿಗಿದುಕೊಂಡು, ಅದರ ಎರಡು ಕಿವಿಗೂ ಹಗ್ಗ ಹಾಕಿ ಮರಕ್ಕೆ ಕಟ್ಟಿ, ಅಂಗೈಯಗಲದ ಹಲಗೆಯ ಮೇಲೆ ಕಾಲೂರಿ ಹಿಂದಕ್ಕೆ ವಾಲಿ ಕೂರುತ್ತಾನೆ. ಆ ಪಟ್ಟಿಯೇ ಜೀನು. ಸರಿಯಾಗಿ ಕೂತರೆ ತೊಟ್ಟಿಲು. ಚಿಕ್ಕದಾದರೆ ಅದರ ಕಿವಿಗಳು ಹಿಂದಕ್ಕೆ ಸರಿದು, ಹಗ್ಗ ಎರಡೂ ಸೊಂಟದ ಮೂಳೆಯನ್ನು ಇಕ್ಕಳದಲ್ಲಿ ಹಿಡಿದಂತೆ ಅಮುಕುತ್ತವೆ. ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಜೋಮು ಹಿಡಿದ ಕಾಲಿನಲ್ಲಿ ಇಪ್ಪತ್ತಡಿ ಇಳಿಯಬೇಕಲ್ಲ, ಅಲ್ಲಿದೆ ಫಜೀತಿ.

ಈ ವಿದ್ಯೆ ಸೈಮಿಗೆ ಕಾಡಿನಿಂದ ಬಂದದ್ದಲ್ಲ. ಅವಳು ಮೂವತ್ತೊಂದು ವರ್ಷ ಎಸ್ಕನಾಬಾ ಪಟ್ಟಣದ ದೊಡ್ಡ ಬಟ್ಟೆಯಂಗಡಿಯೊಂದರಲ್ಲಿ ಹೆಂಗಸರಿಗೆ ಬ್ರಾ ಅಳತೆ ತೆಗೆಯುತ್ತಿದ್ದವಳು. ಹತ್ತರಲ್ಲಿ ಎಂಟು ಹೆಂಗಸರು ತಪ್ಪು ಅಳತೆಯದು ಹಾಕಿಕೊಂಡು ಜೀವನಪೂರ್ತಿ ಹೆಗಲು ನೋಯಿಸಿಕೊಳ್ಳುತ್ತಾರೆ ಅನ್ನುತ್ತಾಳೆ. ಕೇಳಿದರೆ ಮದುವೆಯ ವರ್ಷದ ಅಳತೆ ಹೇಳುತ್ತಾರಂತೆ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಅವಳಿಗೆ ತಲೆ ಕೆಟ್ಟಂತಾಯಿತು. ಗೋಡೆಗೆ ಟೇಪು ಹಿಡಿದು ಅಳೆಯುತ್ತ ಕೂರುತ್ತಿದ್ದೆ ಆರ್ಲೀನ್ ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಾಳೆ, ನಗುತ್ತ ಹೇಳಿದ್ದಲ್ಲ. ಹಾಗಿರುವಾಗ ಆರು ವರ್ಷದ ಹಿಂದೆ ಎರೆಹುಳು ಕೊಳ್ಳಲು ಅಂಗಡಿಗೆ ಬಂದವಳು, ನಮ್ಮ ಯಜಮಾನ ಗಾರ್ತ್ ಪೆಲ್ಟೊ ಒಬ್ಬ ಮೇಷ್ಟ್ರಿಗೆ ಅವರ ಬೇಸಿಗೆ ಚಡ್ಡಿಯ ಮೇಲೇ ಅಳೆದು ಜೀನು ಮಾರುತ್ತಿದ್ದುದನ್ನು ನೋಡಿದಳು. ಎರೆಹುಳುವಿನ ಡಬ್ಬಿ ಕೆಳಗಿಟ್ಟು, "ನವೆಂಬರ್ ತಿಂಗಳಲ್ಲಿ ಈಯಪ್ಪ ಚಡ್ಡಿ ಹಾಕ್ಕೊಂಡು ಮರ ಹತ್ತುತ್ತಾನಾ?" ಎಂದಳು. ಅವತ್ತಿನಿಂದ ಹಿಂದಿನ ಕೋಣೆ ಅವಳದಾಯಿತು.

ಅವಳ ಕಟ್ಟಳೆಗಳು ನಾಲ್ಕಾರು. ಅಳತೆಗೆ ಬರುವವನು ಕಾಡಿಗೆ ಹೋಗುವ ದಪ್ಪ ಉಣ್ಣೆಯ ಪ್ಯಾಂಟು ಹಾಕಿಕೊಂಡೇ ಬರಬೇಕು, ಹೊರಗೆ ಎಷ್ಟೇ ಸೆಕೆಯಿರಲಿ. ಬೆಲ್ಟು ಕಟ್ಟುವ ಜಾಗದಲ್ಲಿ ಅವಳು ಟೇಪು ಹಿಡಿಯುವುದೇ ಇಲ್ಲ.

"ನಮ್ಮ ಗಂಡಸ್ರಿಗೆ ಸೊಂಟ ಅನ್ನೋದು ಹೈಸ್ಕೂಲಲ್ಲೇ ನಿಂತುಹೋಗುತ್ತೆ ಕಣೇ," ಅನ್ನುವಳು. "ಹೊಟ್ಟೆ ಬೆಳೆದ ಹಾಗೆ ಬೆಲ್ಟು ಕೆಳಗೆ ಇಳಿಸ್ತಾ ಹೋಗ್ತಾರೆ. ಪ್ಯಾಂಟಿನ ನಂಬರು ಮಾತ್ರ ಮೂವತ್ನಾಲ್ಕು. ಜೀನು ಹೊರೋದು ಹೊಟ್ಟೆನಲ್ಲ, ಕುಂಡೇನ."

ಆಮೇಲೆ ಕಂಬ. ನೆಲದಿಂದ ಒಂದು ಗೇಣು ಮೇಲೆ ಹಲಗೆ, ಅದರ ಮೇಲೆ ಗಿರಾಕಿ, ಗಿರಾಕಿಯ ಕೈಗೊಂದು ಬಿಸಿ ಪ್ಯಾಸ್ಟಿ. ಮಾಂಸ, ಆಲೂಗಡ್ಡೆ ತುಂಬಿದ ಆ ಕಡುಬನ್ನು ಅವಳೇ ಮನೆಯಿಂದ ಮಾಡಿ ತರುತ್ತಾಳೆ. ನೇತಾಡುತ್ತಲೇ ಅದನ್ನು ಪೂರ್ತಿ ತಿನ್ನಬೇಕು. ತಿಂದು, ಪೊರಕೆ ಕೋಲನ್ನು ಬಿಲ್ಲಿನಂತೆ ಹಿಡಿದು ಕಂಬದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಬೇಕು. ಅಷ್ಟರಲ್ಲಿ ಮುಖ ಕಿವುಚಿದರೆ ಜೀನು ಬದಲು. ಖಾಲಿ ಹೊಟ್ಟೆಯಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಪ್ಯಾಸ್ಟಿ ಇಳಿದ ಮೇಲೆ ಹೇಳಲಾರರು ಅನ್ನುವುದು ಅವಳ ಸಿದ್ಧಾಂತ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ ಪರದೆಯ ಒಳಗೆ ಬಂದ ಅಳತೆ ಪರದೆಯ ಹೊರಗೆ ಹೋಗಬಾರದು. ಎಸ್ಕನಾಬಾದಲ್ಲಿ ಮೂವತ್ತೊಂದು ವರ್ಷ, ಇಲ್ಲಿ ಆರು ವರ್ಷ, ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳಿದವಳಲ್ಲ. ಕಾಗದದ ಮೇಲೆ ಬರೆಯುವುದೂ ಇಲ್ಲ. ನನಗೆ ಜೀವ ಹೋಗುವಷ್ಟು ಕುತೂಹಲ, ಕೇಳಿ ಕೇಳಿ ಸಾಕಾಗಿದ್ದೇನೆ.

ಈ ಬೇಸಿಗೆಯಲ್ಲಿ ಗಾರ್ತನ ತಲೆಗೆ ಒಂದು ಹುಳು ಹೊಕ್ಕಿತು. ಜೀನಿನ ಕಂಪನಿಯವರು ಕಳಿಸಿದ ಒಂದು ಪಟ್ಟಿ ಬಂದಿತ್ತು. ಪ್ಯಾಂಟಿನ ನಂಬರು ಹೇಳಿದರೆ ಜೀನಿನ ನಂಬರು ತೋರಿಸುವ ಪಟ್ಟಿ. ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ಗೋಡೆಗೆ ತೂಗುಹಾಕಿದ. ಅದೇ ತಿಂಗಳು ಸೈಮಿ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡಳು. ಒಬ್ಬರು ಹಲ್ಲಿನ ಡಾಕ್ಟರು. ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದವರಿಗೆ ಇವಳು, "ಉಸಿರು ಬಿಡಿ ಡಾಕ್ಟ್ರೇ. ಪೂರ್ತಿ ಬಿಡಿ. ಇಲ್ಲೇನು ಫೋಟೋ ತೆಗೀತಿಲ್ಲ," ಅಂದಳಂತೆ. ಅವರು ಉಸಿರಿನ ಜೊತೆ ಅಂಗಡಿಯನ್ನೂ ಬಿಟ್ಟು ಹೋದರು.

ಗಾರ್ತ್ ಅವಳನ್ನು ಕೌಂಟರಿಗೆ ಕರೆದ. ಐವತ್ತೆರಡರ ಗಂಡಸು, ಅಪ್ಪನ ಅಂಗಡಿ, ಅಪ್ಪನ ಧೈರ್ಯ ಮಾತ್ರ ಬಂದಿಲ್ಲ. ಬೈಯುವಾಗ ಯಾವಾಗಲೂ ಕಾಫಿ ಯಂತ್ರದ ಕಡೆ ನೋಡುತ್ತಾನೆ.

"ಸೈಮಿ, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಇನ್ನೊಬ್ಬ ಗಿರಾಕಿ ಹಾಗೆ ಎದ್ದು ಹೋದ ಅಂದ್ರೆ ಕಂಬ ಕೀಳಿಸಿ ಆ ಜಾಗದಲ್ಲಿ ಐಸ್‌ಕ್ರೀಮ್ ಪೆಟ್ಟಿಗೆ ಇಡ್ತೀನಿ. ಪಟ್ಟಿ ಇದೆಯಲ್ಲ, ಅದು ಯಾರಿಗೂ ಅವಮಾನ ಮಾಡಲ್ಲ."

"ಪಟ್ಟಿ ಮರ ಹತ್ತೋದೂ ಇಲ್ಲ," ಅಂದಳು ಸೈಮಿ. ಆದರೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತವಳು ಬಹಳ ಹೊತ್ತು ಏಳಲಿಲ್ಲ. ಆ ಕೋಣೆ ಹೋದರೆ ಅವಳಿಗೆ ಮತ್ತೆ ಮನೆಯ ಗೋಡೆಯೇ ಗತಿ ಎಂದು ನನಗೆ ಗೊತ್ತಿತ್ತು. ಅವಳಿಗಂತೂ ಗೊತ್ತೇ ಇತ್ತು.

ಇಂಥ ಹೊತ್ತಿನಲ್ಲಿ, ಆಗಸ್ಟ್ ಕೊನೆಯ ವಾರ, ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದವನು ರಸೆಲ್. ಸೈಮಿಯ ಗಂಡ. ಅಂದರೆ ಹನ್ನೊಂದು ವರ್ಷದ ಹಿಂದಿನವರೆಗೆ ಗಂಡ.

ರಸೆಲ್ ಕೆಟ್ಟವನಲ್ಲ, ಆದರೆ ತಪ್ಪು ಅನ್ನುವ ಪದಾರ್ಥ ಅವನ ಮೈಗೆ ಅಂಟುವುದಿಲ್ಲ. ಒಮ್ಮೆ ಕಾಡಿನಲ್ಲಿ ದಾರಿ ತಪ್ಪಿ ಬೆಳಗಿನಿಂದ ಸಂಜೆಯವರೆಗೆ ಅಲೆದು ಬಂದವನು, ಸರ್ಕಾರದವರು ರಸ್ತೆ ಎಲ್ಲಿಗೋ ಸರಿಸಿದ್ದಾರೆ ಎಂದಿದ್ದ. ಇವನೇ ಒಲೆಗೆ ಮಿತಿಮೀರಿ ಕಟ್ಟಿಗೆ ತುರುಕಿ ಮನೆಯ ಹಿತ್ತಲಿನ ಸೌನಾ ಎಂಬ ಬೆವರುಮನೆ ಸುಟ್ಟು ಬೂದಿಯಾದಾಗ, ಕಟ್ಟಿಗೆಯ ಜಾತಿ ಸರಿಯಿಲ್ಲ ಎಂದ. ಒಂದೇ ಒಂದು ಸಲ ತನ್ನದು ತಪ್ಪು ಅಂತ ಹೇಳಿಬಿಡಲಿ, ನಾನು ಇಲ್ಲೇ ಇರುತ್ತೇನೆ ಎಂದು ಸೈಮಿ ಆ ಬೂದಿಯ ಪಕ್ಕ ನಿಂತು ಕಾದಿದ್ದಳು. ಅವನು ಹೇಳಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರ ಹಾಗೆ ಮುಗಿಯಿತು.

ಅವನ ಬೆನ್ನಿಗೆ ಬಂದವಳು ಡಾರ್ಲಾ. ಅಡುಗೆ ಗ್ಯಾಸಿನ ಟ್ಯಾಂಕರ್ ಓಡಿಸುವವಳು, ಐವತ್ತೇಳು ವಯಸ್ಸು, ಇಪ್ಪತ್ತು ವರ್ಷದಿಂದ ಬಿಲ್ಲಿನ ಬೇಟೆಯಲ್ಲಿ ಪಳಗಿದವಳು. ರಸೆಲನ ಹೊಸ ಗೆಳತಿ. ರಸೆಲ್ ಆವರೆಗೆ ಬೇಟೆಯಾಡಿದ್ದು ಅಟ್ಟಣೆಯ ಮೇಲಿನ ಪೆಟ್ಟಿಗೆಯಂಥ ಗೂಡಿನಲ್ಲಿ ಕೂತು, ಕಾಲ ಬುಡದಲ್ಲಿ ಹೀಟರು ಇಟ್ಟುಕೊಂಡು, ಬಂದೂಕಿನಲ್ಲಿ. ಬಿಲ್ಲು, ಮರ, ಜೀನು ಎಲ್ಲ ಅವನಿಗೆ ಹೊಸದು. ಅಕ್ಟೋಬರ್ ಒಂದಕ್ಕೆ ಬಿಲ್ಲಿನ ಬೇಟೆ ಶುರು. ಅವತ್ತು ತನ್ನ ಪಕ್ಕದ ಮರದಲ್ಲಿ ಕೂರು ಎಂದು ಡಾರ್ಲಾ ಕರೆದಿದ್ದಳಂತೆ.

ಅರವತ್ತು ಮೈಲಿ ಸುತ್ತ ಜೀನು ಅಳೆಯುವವಳು ಇವಳೊಬ್ಬಳೇ. ಬೇರೆ ದಾರಿಯಿಲ್ಲದೆ ಬಂದವನು ಟೋಪಿ ತೆಗೆದ.

"ಹೇಗಿದ್ದೀಯ ಸೈಮಿ?"

"ನೆಟ್ಟಗಿದ್ದೀನಿ. ಉಣ್ಣೆ ಪ್ಯಾಂಟು ಹಾಕ್ಕೊಂಡು ಬಂದಿದ್ದೀಯ, ಪರವಾಗಿಲ್ಲ. ಜೇಬಲ್ಲಿರೋದೆಲ್ಲ ತೆಗಿ."

"ಅಳತೆ ಏನೂ ಬೇಡ. ನಂದು ಮೀಡಿಯಂ. ಪಟ್ಟಿ ನೋಡಿದೆ. ಮೂವತ್ನಾಲ್ಕು, ಮೀಡಿಯಂ."

ಪಟ್ಟಿಯ ಕೆಳಗೆ ನಿಂತಿದ್ದ ಗಾರ್ತನ ಮುಖ ಅರಳಿತು. ಡಾರ್ಲಾ ಕಪಾಟಿನಲ್ಲಿದ್ದ ಬಾಣದ ಮೊನೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ಸೈಮಿ ರಸೆಲನ ಕಡೆ ಒಂದು ಸಲ, ಮೇಲಿನಿಂದ ಅಲ್ಲ, ನಡುವಿನಿಂದ ಕೆಳಕ್ಕೆ ನೋಡಿದಳು. ನೋಟದಲ್ಲೇ ಅಳತೆ ಮುಗಿದಿತ್ತು.

"ಪರದೆ ಒಳಗೆ ಬಾ. ಮೀಡಿಯಂ ತಾನೆ, ಹಾಕಿ ನೋಡೋಣ."

ಹಾಕಿದರು. ಬಕಲು ಸೇರಿಸಲು ರಸೆಲ್ ಉಸಿರು ಹಿಡಿದ ಸದ್ದು ನನಗೆ ಗಲ್ಲಾದವರೆಗೆ ಕೇಳಿತು. ನಾನು ಎದ್ದು ಪರದೆಯ ಸಂದಿಯಲ್ಲಿ ಇಣುಕಿದೆ, ಮುಚ್ಚುಮರೆ ಯಾಕೆ. ಕಂಬದಲ್ಲಿ ನೇತಾಡುತ್ತಿದ್ದಾನೆ, ಕೈಯಲ್ಲಿ ಪ್ಯಾಸ್ಟಿ. ಜೀನು ಅವನ ಹಿಂಭಾಗದ ಅರ್ಧಕ್ಕೆ ಬಂದು, ಇನ್ನು ನನ್ನಿಂದಾಗದು ಎಂದು ನಿಂತಿದೆ.

"ಹೇಗಿದೆ?" ಎಂದಳು ಸೈಮಿ.

"ಭೇಷಾಗಿದೆ."

"ಮೂಳೆ ಹತ್ರ ಒತ್ತುತ್ತಾ?"

"ಒತ್ತೋದಾ? ಇದೆ ಅಂತಾನೇ ಗೊತ್ತಾಗ್ತಿಲ್ಲ."

ಹತ್ತು ನಿಮಿಷಕ್ಕೆ ಅವನ ಹಣೆಯಲ್ಲಿ ಬೆವರು. ಹದಿನೈದಕ್ಕೆ ಕಿವಿ ಕೆಂಪು. ಪರದೆಯಾಚೆಯಿಂದ ಡಾರ್ಲಾ, "ಆರಾಮಾಗಿದ್ಯಾ ರಸೆಲ್?" ಎಂದರೆ, "ಮನೆಗೆ ಹೋಗೋಕೇ ಮನಸ್ಸಾಗ್ತಿಲ್ಲ," ಎಂದ. ಪ್ಯಾಸ್ಟಿಯ ಕೊನೆಯ ತುಣುಕು ನುಂಗುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತು. ಖಾರ ಜಾಸ್ತಿಯಾಯಿತು ಎಂದ. ಪ್ಯಾಸ್ಟಿಗೆ ಖಾರವನ್ನೇ ಹಾಕುವುದಿಲ್ಲ. ಇಳಿಸಿದ ಮೇಲೆ ಕಂಬವನ್ನು ತಬ್ಬಿಕೊಂಡು ನಿಂತವನು, ಎರಡು ನಿಮಿಷ ಬಿಟ್ಟು ಬರುತ್ತೇನೆ, ಕಂಬ ಬಹಳ ಚೆನ್ನಾಗಿದೆ, ಯಾವ ಮರದ್ದು ಎಂದೆಲ್ಲ ವಿಚಾರಿಸಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ, ಆ ಗಾದೆಯನ್ನು ಇವನನ್ನು ನೋಡಿಯೇ ಮಾಡಿರಬೇಕು.

"ರಸೆಲ್, ಇದು ನಿನಗೆ ಆಗಲ್ಲ," ಎಂದಳು ಸೈಮಿ ಮೆಲ್ಲಗೆ, ಡಾರ್ಲಾಗೆ ಕೇಳದ ಹಾಗೆ.

"ಇದೇ ಬೇಕು. ಇದಿಲ್ಲ ಅಂದ್ರೆ ಬೇರೆ ಊರಲ್ಲಿ ತಗೋತೀನಿ," ಎಂದ ರಸೆಲ್ ಜೋರಾಗಿ, ಗಾರ್ತನಿಗೆ ಕೇಳುವ ಹಾಗೆ.

ಗಾರ್ತ್ ಪರದೆ ಸರಿಸಿ ತಲೆ ಹಾಕಿದ. ಐಸ್‌ಕ್ರೀಮ್ ಪೆಟ್ಟಿಗೆ ಎಷ್ಟು ಅಗಲ ಹಿಡಿಯುತ್ತದೆ ಎಂದು ಅಳೆಯುವವನಂತೆ ಕಂಬದ ಸುತ್ತ ಕಣ್ಣಾಡಿಸಿದ.

ಸೈಮಿ ತುಟಿಯಿಂದ ಪಿನ್ನು ತೆಗೆದಳು. "ಸರಿ. ಮೀಡಿಯಂ. ಬಕಲ್ ಸ್ವಲ್ಪ ಸಡಿಲ ಇದೆ, ಹೊಲಿದು ಇಟ್ಟಿರ್ತೀನಿ. ನಾಳೆ ಬಾ."

ಅವರು ಹೋದ ಮೇಲೆ ನಾನು ಒಳಗೆ ನುಗ್ಗಿದೆ. "ಕೊಟ್ಟುಬಿಡೇ ಸೈಮಿ, ಅದನ್ನೇ ಕೊಡು. ದೇವರೇ ತಂದು ನಿನ್ನ ಕೈಗೆ ಹಾಕಿದ್ದಾನೆ. ನಾಲ್ಕು ಗಂಟೆ ಆ ಹೆಂಗಸಿನ ಎದುರು ಮರದಲ್ಲಿ ಕಿರುಚ್ಲಿ. ನಾನು ಟಾರ್ಚ್ ತಗೊಂಡು ನೋಡೋಕೆ ಹೋಗ್ತೀನಿ."

ಅವಳೂ ನಕ್ಕಳು. ಆಸೆ ಆಗಲಿಲ್ಲವೆಂದಲ್ಲ, ಮೀಡಿಯಂ ಜೀನನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ತೂಗಿ ನೋಡಿದಳು. ಆಮೇಲೆ ಅದರ ಒಳಮಗ್ಗುಲಿನ ಪುಟ್ಟ ಚೀಟಿಯ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸತೊಡಗಿದಳು. ಮೀಡಿಯಂ ಎಂದು ಬರೆದ ಚೀಟಿ.

"ಏನೇ ಮಾಡ್ತಿದ್ದೀಯ?"

"ಎಸ್ಕನಾಬಾದಲ್ಲಿ ವಾರಕ್ಕೆರಡು ಸಲ ಮಾಡ್ತಿದ್ದೆ. ಕೆಲವರಿಗೆ ನಂಬರು ಬೇಕು, ಕೆಲವರಿಗೆ ಬಟ್ಟೆ ಬೇಕು. ನಂಬರು ಬೇಕಾದವರಿಗೆ ನಂಬರು ಹೊಲಿದು ಕೊಡೋದು. ಭಾರ ತಡೆಯೋ ಹೊಲಿಗೆ ಬೇರೆ, ಅದನ್ನ ನಾನು ಮುಟ್ಟಲ್ಲ. ಇದು ಬರೀ ಚೀಟಿ."

"ಅವನಿಗೆ ಯಾಕೆ ಇಷ್ಟೆಲ್ಲ? ಅವನು ನಿನಗೇನು ಮಾಡಿದ್ದಾನೆ?"

"ಮರ ಅವನ್ಯಾರು ಅಂತ ಕೇಳಲ್ಲ ಆರ್ಲೀನ್. ಕಾಲು ಜೋಮು ಹಿಡಿದು ಅವನು ಬಿದ್ದ ಅಂದ್ರೆ ಆ ಜೀನು ಕೊಟ್ಟೋಳು ನಾನು. ನೀನು ಬಾಗಿಲ ಹತ್ರ ನಿಂತು ಗಾರ್ತ್ ಬರ್ತಾನಾ ನೋಡು."

ಅವಳು ತೋರಿಸಿದ ಡಬ್ಬಿಯನ್ನು ಅಟ್ಟದಿಂದ ಇಳಿಸಿಕೊಟ್ಟು ನಾನು ಕಾವಲು ನಿಂತೆ. ಅವಳು ಅವನಿಗೆ ಸರಿಹೋಗುವ ಜೀನನ್ನು ತೆಗೆದು, ಅದರ ಚೀಟಿ ಕಿತ್ತು, ಆ ಜಾಗದಲ್ಲಿ ಮೀಡಿಯಂ ಚೀಟಿಯನ್ನು ಒಂದರ ಬೆನ್ನಿಗೊಂದು ಸಣ್ಣ ಹೊಲಿಗೆ ಹಾಕಿ ಕೂರಿಸಿದಳು. ಮರುದಿನ ರಸೆಲ್ ಬಂದು ನೇತಾಡಿದ. ಪ್ಯಾಸ್ಟಿ ತಿಂದ, ಇನ್ನೊಂದು ಕೇಳಿ ತಿಂದ, ಪೊರಕೆ ಹಿಡಿದು ಎರಡು ಕಡೆಗೂ ತಿರುಗಿದ. ಚೀಟಿಯನ್ನು ಡಾರ್ಲಾಗೆ ಕಾಣುವಂತೆ ಹೊರಕ್ಕೆ ಮಡಚಿಕೊಂಡು, "ನಿನ್ನೆ ಬಕಲ್ಲಿಂದೇ ತೊಂದ್ರೆ ಇದ್ದಿದ್ದು. ಅಳತೆ ನಾನು ಹೇಳಿದ್ದೇ ಸರಿ," ಎಂದ. ಸೈಮಿ ಪೊರಕೆಯನ್ನು ಅದರ ಮೂಲೆಗಿಟ್ಟಳು. ನನ್ನ ನಾಲಿಗೆಯನ್ನು ನಾನು ಹಲ್ಲಿನಡಿ ಹಿಡಿದು ನಿಲ್ಲಿಸಬೇಕಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಶನಿವಾರ ಬಂತು.

ಶನಿವಾರ ನಮ್ಮೂರ ಗಂಡಸರು ವೇಯ್ನ್ ಕಂಗಾಸನ ಸೌನಾದಲ್ಲಿ ಸೇರುತ್ತಾರೆ. ಕಾದ ಕಲ್ಲಿಗೆ ನೀರೆರಚಿ, ಹುಟ್ಟಿದ ದಿನದ ಉಡುಪಿನಲ್ಲಿ ಸಾಲಾಗಿ ಕೂತು ಬೆವರುತ್ತಾರೆ. ಅಲ್ಲಿ ರಸೆಲ್ ತನ್ನ ಜೀನಿನ ಕಥೆ ಹೇಳಿದ. ಮೀಡಿಯಂ ಅಂದ. ವೇಯ್ನ್ ಮತ್ತು ಇನ್ನು ನಾಲ್ವರು ಆವಿಯ ನಡುವೆ ಅವನನ್ನೊಮ್ಮೆ ತಮ್ಮನ್ನೊಮ್ಮೆ ನೋಡಿಕೊಂಡರು. ಬಟ್ಟೆಯಿಲ್ಲದ ಮೇಲೆ ಹೋಲಿಸಿ ನೋಡಲು ಕಷ್ಟವೇನು? ಐವರಿಗೂ ಒಂದೇ ಯೋಚನೆ ಬಂತು. ಇವನಿಗೆ ಮೀಡಿಯಂ ಆದರೆ ನಮಗೆ ಧಾರಾಳವಾಯಿತು.

ಸೋಮವಾರ ಸೈಮಿಗೆ ರಜೆ. ಐವರೂ ಒಟ್ಟಿಗೆ ಬಂದು ಗಾರ್ತನ ಹತ್ತಿರ ಐದು ಮೀಡಿಯಂ ಜೀನು ಕೇಳಿದರು. ನಾನು ಬಾಯಿ ತೆರೆದೆ. "ನಾಳೆ ಬನ್ನಿ, ನೇತಾಡಿ ನೋಡಿ ತಗೊಳ್ಳಿ," ಎಂದೆ. ಗಾರ್ತ್ ನನ್ನ ಮಾತು ಮುಗಿಯುವ ಮೊದಲೇ ಡಬ್ಬಿಗಳನ್ನು ಚೀಲಕ್ಕೆ ಹಾಕಿದ್ದ. ಅಳತೆಯಿಲ್ಲ, ಪ್ಯಾಸ್ಟಿಯಿಲ್ಲ, ಅವಮಾನವಿಲ್ಲ, ಐದು ನಿಮಿಷದಲ್ಲಿ ಐದು ಮಾರಾಟ ಎಂದು ದಿನವೆಲ್ಲ ಗುನುಗಿಕೊಂಡು ಓಡಾಡಿದ. ಮಂಗಳವಾರ ಸೈಮಿ ಬಂದಾಗ ಹೇಳಿದೆ. ಅವಳು ಐವರಿಗೂ ಫೋನು ಮಾಡಿ, ಬಂದು ಒಮ್ಮೆ ನೇತಾಡಿ ಹೋಗಿ ಎಂದಳು. ನಮಗೇನೂ ತೊಂದರೆಯಿಲ್ಲ, ನಾವು ರಸೆಲ್‌ಗಿಂತ ತೆಳ್ಳಗಿದ್ದೇವೆ ಎಂದರು ಐವರೂ. ಅವಳು ಫೋನು ಕೆಳಗಿಟ್ಟಳು. ತಾನು ಹೊಲಿದ ಸುಳ್ಳು ಊರಿಡೀ ಓಡಾಡುತ್ತಿದೆ, ಹಿಡಿದು ನಿಲ್ಲಿಸಬೇಕಾದರೆ ಒಬ್ಬನ ಅಳತೆ ಬಾಯಿಬಿಡಬೇಕು.

ಅಕ್ಟೋಬರ್ ಒಂದು ಬಂತು. ಎರಡನೇ ತಾರೀಖು ಬೆಳಗ್ಗೆ ಅಂಗಡಿಯ ಬಾಗಿಲಲ್ಲಿ ಐವರೂ ಕಾಣಿಸಿಕೊಂಡರು. ಕಾಲು ಅಗಲಿಸಿಕೊಂಡು, ಮೆಲ್ಲಮೆಲ್ಲಗೆ, ಹೊಸದಾಗಿ ನಡಿಗೆ ಕಲಿತವರಂತೆ ಬಂದರು. ಯಾರೂ ಕೂರಲಿಲ್ಲ. ವೇಯ್ನ್ ಜೀನನ್ನು ಕೌಂಟರಿನ ಮೇಲೆ ಎಸೆದ.

"ಎಂಟು ಕವಲಿನ ಕೊಂಬಿನ ಜಿಂಕೆ ಗಾರ್ತ್. ಹನ್ನೆರಡು ಗಜ ದೂರ. ನನ್ನನ್ನೇ ನೋಡ್ಕೊಂಡು ನಿಂತಿತ್ತು. ಬಿಲ್ಲು ಎಳೆಯೋಣ ಅಂದ್ರೆ ಸೊಂಟದಿಂದ ಕೆಳಗೆ ನಾನೇ ಇರಲಿಲ್ಲ. ಇಳಿಯೋಕೆ ಒಂದು ಗಂಟೆ ತಗೊಂಡೆ. ನನ್ನ ಹೆಂಡತಿ ಬಂದು ಕಾಲು ಒಂದೊಂದಾಗಿ ಎತ್ತಿ ಇಟ್ಟಳು."

"ಮೀಡಿಯಂ ನೀವೇ ಕೇಳಿದ್ದಲ್ವಾ?" ಎಂದ ಗಾರ್ತ್.

"ರಸೆಲ್‌ಗೆ ಮೀಡಿಯಂ ಆಗುತ್ತೆ ಅಂದ್ರೆ ನನಗೆ ಯಾಕೆ ಆಗಲ್ಲ? ಅವನು ಕೂತ್ರೆ ನಮ್ಮ ಸೌನಾ ಬೆಂಚು ಅಳುತ್ತೆ ಮಾರಾಯ. ಅವನಿಗೆ ಅಳತೆ ಮಾಡಿದ್ದು ಯಾರು?"

ಪರದೆ ಸರಿಸಿ ಸೈಮಿ ಹೊರಗೆ ಬಂದಳು. "ನಾನು," ಎಂದಳು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಗಿ ರಸೆಲ್, ಡಾರ್ಲಾ ಕಾಫಿಗೆಂದು ಒಳಗೆ ಬಂದರು. ರಸೆಲ್ ಹಿಂದಿನ ದಿನ ಐದು ಗಂಟೆ ಮರದಲ್ಲಿ ಕೂತಿದ್ದರೂ ಅವನ ನಡಿಗೆ ನೆಟ್ಟಗಿತ್ತು. ಐವರೂ ಅವನ ನಡಿಗೆಯನ್ನೇ ನೋಡಿದರು. ಅವನು ಕಾಫಿ ಯಂತ್ರದ ಹತ್ತಿರ ಹೋಗಿ ನಿಂತ. ಹಾಗಾಗಿ ಬೈಯುವಾಗ ಗಾರ್ತನಿಗೆ ನೋಡಲು ಜಾಗವಿಲ್ಲದೆ ಸೈಮಿಯನ್ನೇ ನೋಡಬೇಕಾಯಿತು.

"ಸೈಮಿ, ಸತ್ಯ ಹೇಳಿ. ರಸೆಲ್ ಅಳತೆ ಎಷ್ಟು?"

"ಅವನ ಅಳತೆ ಅವನದು. ನಿನಗೆ ಹೇಳೋಕಾಗಲ್ಲ."

"ಅಂದ್ರೆ ನಿಮ್ಮ ಅಳತೆ ತಪ್ಪು ಅಂತಾಯ್ತು. ಒಂದೇ ಜೀನು ಒಬ್ಬನಿಗೆ ತೊಟ್ಟಿಲು, ಐದು ಜನಕ್ಕೆ ಇಕ್ಕಳ. ಇವರೆಲ್ಲ ಹೊರಗೆ ಹೋಗಿ ಏನು ಹೇಳ್ತಾರೆ? ಇವತ್ತೇ ಆ ಕಂಬ ಕೀಳಿಸ್ತೀನಿ. ನಾಳೆಯಿಂದ ನೀವು ಬರೋದು ಬೇಡ."

ನನಗೆ ತಡೆಯಲಾಗಲಿಲ್ಲ. "ಗಾರ್ತ್, ಆ ಐದನ್ನೂ ಚೀಲಕ್ಕೆ ಹಾಕಿದ್ದು ನೀನು. ನೇತುಹಾಕಿ ಕೊಡು ಅಂದೋಳು ನಾನು. ಈಗ ಹೆಂಗಸಿನ ಮೇಲೆ ಎಗರಾಡ್ತೀಯಾ?"

"ನೀನು ಸುಮ್ನಿರು ಆರ್ಲೀನ್," ಎಂದದ್ದು ಗಾರ್ತ್ ಅಲ್ಲ, ಸೈಮಿ. ಒಂದು ಸಂಖ್ಯೆ, ಒಂದೇ ಒಂದು ಸಂಖ್ಯೆ ಬಾಯಿಂದ ಬಿದ್ದಿದ್ದರೆ ಅವಳ ಕೋಣೆ ಅವಳಿಗೆ ಉಳಿಯುತ್ತಿತ್ತು. ರಸೆಲ್ ಅಲ್ಲೇ ನಿಂತಿದ್ದ, ಪಕ್ಕದಲ್ಲಿ ಡಾರ್ಲಾ ನಿಂತಿದ್ದಳು. ಹನ್ನೊಂದು ವರ್ಷದ ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಅವಳಿಗೆ ಸಿಗುವುದಿಲ್ಲ ಅನಿಸಿತು ನನಗೆ. ಅವಳು ಕತ್ತಿಗೆ ಹಾಕಿಕೊಂಡಿದ್ದ ಟೇಪನ್ನು ತೆಗೆದು ಸುತ್ತಿ ಕೌಂಟರಿನ ಮೇಲಿಟ್ಟಳು. ಒಳಗೆ ಹೋಗಿ ಕೋಟು ತರುತ್ತೇನೆ ಎಂದಳು.

ರಸೆಲ್ ಕಾಫಿ ಲೋಟ ಕೆಳಗಿಟ್ಟು ಹೊರಗೆ ನಡೆದ. ಓಡಿಹೋದ, ಇನ್ನೇನು, ಅವನ ಹಣೆಬರಹವೇ ಅದು ಅಂದುಕೊಂಡೆ. ತನ್ನ ಟ್ರಕ್ಕಿನ ಬಾಗಿಲು ತೆಗೆದು ಹಾಕಿದ ಸದ್ದಾಯಿತು. ಮತ್ತೆ ಒಳಗೆ ಬಂದವನ ಕೈಯಲ್ಲಿ ಅವನ ಜೀನಿತ್ತು. ಅದನ್ನು ವೇಯ್ನನ ಜೀನಿನ ಪಕ್ಕದಲ್ಲಿ ಹರಡಿದ. ಅಗಲ ಕಣ್ಣಿಗೆ ಹೊಡೆಯುವಂತಿತ್ತು.

"ಈ ಚೀಟಿ ಹೊಲಿದಿದ್ದು ಕಂಪನಿಯವರಲ್ಲ," ಎಂದ. "ಇದು ಅವಳ ಹೊಲಿಗೆ. ಇಪ್ಪತ್ತೇಳು ವರ್ಷ ನನ್ನ ಪ್ಯಾಂಟಿಗೆ ಹಾಕಿದ್ದಾಳೆ, ನನಗೆ ಗೊತ್ತಾಗಲ್ವಾ? ನಿನ್ನೆ ಮರದಲ್ಲಿ ಐದು ಗಂಟೆ ಬೇರೆ ನೋಡೋಕೆ ಏನೂ ಇರಲಿಲ್ಲ. ಬೆಳಕಾದ ಕೂಡ್ಲೇ ಕಂಡಿತು."

ಅವನು ಐವರ ಮುಖ ನೋಡಿದ, ಗಾರ್ತನ ಮುಖ ನೋಡಿದ. ಡಾರ್ಲಾಳ ಮುಖ ನೋಡಲು ಧೈರ್ಯ ಸಾಲದೆ ಕೌಂಟರಿನ ಮೇಲಿದ್ದ ಟೇಪಿನ ಕಡೆ ನೋಡಿದ.

"ನಂದು ಮೀಡಿಯಂ ಅಲ್ಲ. ಲಾರ್ಜು. ನಾನು ಸುಳ್ಳು ಹೇಳಿದ್ದು. ಅವಳು ಆಗಲ್ಲ ಅಂತ ಅಂದೇ ಅಂದಿದ್ಲು, ನಾನು ಹಟ ಹಿಡಿದೆ. ಕಂಬಕ್ಕೆ ಕೈ ಹಚ್ಚಬೇಡ ಗಾರ್ತ್."

"ಅಯ್ಯೋ, ನನಗೆ ಮೊದಲೇ ಗೊತ್ತಿತ್ತು ಬಿಡು," ಎಂದಳು ಡಾರ್ಲಾ. ಅವಳು ಕಾಫಿಯನ್ನು ಊದಿ ಕುಡಿಯುತ್ತಿದ್ದಳು. "ನಂದು ನಿಜವಾದ ಮೀಡಿಯಂ. ಹೋದ ವಾರ ಮರ ಹತ್ತೋ ಅಭ್ಯಾಸಕ್ಕೆ ಹೋದಾಗ ಕತ್ತಲಲ್ಲಿ ತಪ್ಪಿ ನಿಂದನ್ನ ಹಾಕ್ಕೊಂಡೆ. ಎದ್ದು ನಿಂತ್ರೆ ಮೊಣಕಾಲಿಗೆ ಬಂತು."

ಮೊದಲು ನಕ್ಕವನು ವೇಯ್ನ್. ನಕ್ಕರೆ ಸೊಂಟ ನೋಯುತ್ತದೆ ಎಂದು ಕೌಂಟರು ಹಿಡಿದುಕೊಂಡು ನಕ್ಕ. ಉಳಿದ ನಾಲ್ವರೂ ಹಾಗೇ ಒಬ್ಬರನ್ನೊಬ್ಬರು ಹಿಡಿದುಕೊಂಡರು. ರಸೆಲನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು, ಆದರೆ ನಿಂತಲ್ಲಿಂದ ಕದಲಲಿಲ್ಲ. ಗಾರ್ತ್ ಒಂದು ನಿಮಿಷ ಆ ಎರಡು ಜೀನುಗಳನ್ನು ನೋಡಿದ, ಒಂದು ನಿಮಿಷ ಗೋಡೆಯ ಪಟ್ಟಿಯನ್ನು ನೋಡಿದ. ಆಮೇಲೆ ಸ್ಟೂಲು ಹತ್ತಿ, ಚೌಕಟ್ಟನ್ನು ಮೊಳೆಯಿಂದ ಇಳಿಸಿ, ಯಾರ ಕಣ್ಣಿಗೂ ಬೀಳದ ಹಾಗೆ ಕೌಂಟರಿನ ಕೆಳಗೆ ನೂಕಿದ. ಎಲ್ಲರ ಕಣ್ಣಿಗೂ ಬಿತ್ತು.

"ಸೈಮಿ," ಎಂದ, "ಇವ್ರ ಐದೂ ಜನದ್ದು ಒಂದ್ಸಲ ಅಳತೆ ನೋಡ್ತೀರಾ?"

ಸೈಮಿ ಕೋಟಿನ ಒಂದು ತೋಳು ಹಾಕಿಕೊಂಡು ಪರದೆಯ ಹತ್ತಿರ ನಿಂತಿದ್ದಳು. ಬಂದು ಟೇಪು ಎತ್ತಿಕೊಂಡಳು. "ಜೇಬಲ್ಲಿರೋದೆಲ್ಲ ತೆಗೀರಿ. ಸಾಲಾಗಿ ನಿಂತ್ಕೊಳ್ಳಿ. ಪ್ಯಾಸ್ಟಿ ಮೂರೇ ಇದೆ, ಅರ್ಧರ್ಧ," ಎಂದಳು. ಒಳಗೆ ಹೋಗುವ ಮೊದಲು ರಸೆಲನ ಜೀನನ್ನು ಮಡಚಿ, ಚೀಟಿ ಒಳಕ್ಕೆ ಬರುವಂತೆ ಮಡಚಿ, ಅವನ ಕೈಗೆ ಕೊಟ್ಟಳು.

ಅವಳ ಹಿಂದೆಯೇ ನಾನೂ ಪರದೆ ದಾಟಿದೆ. ಕಂಬಕ್ಕೆ ಹಣೆಯಾನಿಸಿ ನಿಂತಿದ್ದಳು. ಅವಳು ಅತ್ತದ್ದನ್ನು ನಾನು ಸೌನಾ ಸುಟ್ಟ ದಿನವೂ ನೋಡಿದವಳಲ್ಲ. ಈಗ ಕೋಟಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಕೇಳಿದ್ಯಾ ಆರ್ಲೀನ್? ಎಲ್ಲರ ಮುಂದೆ ಹೇಳಿದ. ಲಾರ್ಜು ಅಂದ."

"ಕೇಳಿದೆ," ಎಂದೆ. ಆದರೆ ಅವತ್ತು ಅಟ್ಟದಿಂದ ಆ ಡಬ್ಬಿ ಇಳಿಸಿಕೊಟ್ಟವಳು ನಾನು, ಅದರ ಮೇಲಿನ ಅಕ್ಷರ ಓದಿದವಳೂ ನಾನು. "ಆದ್ರೆ ಸೈಮಿ, ಅದು ಲಾರ್ಜ್ ಅಲ್ವಲ್ಲೇ. ಎಕ್ಸ್‌ಟ್ರಾ ಲಾರ್ಜು."

ಅವಳು ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಬಾಯಿ ಮುಚ್ಚೇ. ಇಷ್ಟು ದೂರ ಬರೋಕೆ ಅವನಿಗೆ ಮೂವತ್ತೆಂಟು ವರ್ಷ ಹಿಡೀತು. ಉಳಿದಿದ್ದು ನಿಧಾನವಾಗಿ ಬರ್ಲಿ," ಎಂದಳು. ಪಿನ್ನು ತುಟಿಗೆ ಸಿಕ್ಕಿಸಿಕೊಂಡು ವೇಯ್ನನನ್ನು ಒಳಗೆ ಕರೆದಳು.